ಮುದ್ದಮ್ಮನ ಹಿತ್ತಲಿನ ಬೀಜದ ಹೀರೇಕಾಯಿ

ಕೊಣನೂರು ಪಕ್ಕದ ಊರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮುದ್ದಮ್ಮ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗಿಳಿದಿದ್ದಾರೆ. ಬದನೆ, ಮೆಣಸಿನ ಗಿಡಗಳಿಗೆ ಪಾತ್ರೆ ತೊಳೆದ ನೀರು, ಸೀಬೆ ಮರಕ್ಕೆ ಬಚ್ಚಲಿನದು. ಅಕ್ಕಿ ತೊಳೆದ ನೀರು ಮಾತ್ರ ಮೂಲೆಯ ಹೀರೇಬಳ್ಳಿಗೇ ಮೀಸಲು. ಆ ಬಳ್ಳಿಯಲ್ಲಿರುವುದು ಒಂದೇ ಕಾಯಿ. ಅದನ್ನು ಮುಟ್ಟುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಬಿಸಿಲೇರುವ ಮೊದಲೇ ಅವರು ಶುಂಠಿ ಹೊಲದ ಕೂಲಿಗೆ ಹೊರಡಬೇಕು. ಬೇಸಿಗೆಯ ಕೊನೆಯಲ್ಲಿ, ನಲ್ಲಿ ದಿನಬಿಟ್ಟು ದಿನ ಬರುವಾಗಲೂ ಈ ಅಂಗೈಯಗಲದ ಹಿತ್ತಲು ಹಸಿರಾಗಿದೆ. ಸಂತೆಯಲ್ಲಿ ತರಕಾರಿ ಕೊಳ್ಳುವುದೆಂದರೆ ಮುದ್ದಮ್ಮನಿಗೆ ಮರ್ಯಾದೆ ಹೋದಂತೆ.

ಈ ಹೀರೆಯ ಬೀಜ ಅವರ ತಾಯಿ ಹಿರೀಸಾವೆಯಿಂದ ಮಡಿಲಿಗೆ ಕಟ್ಟಿ ಕಳಿಸಿದ್ದು. ಪ್ರತಿ ವರ್ಷ ಒಳ್ಳೆಯ ಕಾಯೊಂದನ್ನು ಎಳೆಯದಾಗಿರುವಾಗಲೇ ಆರಿಸಿ, ಯಾರೂ ಕೀಳದಿರಲೆಂದು ಸುಣ್ಣದ ಬೊಟ್ಟಿಟ್ಟು ಬೀಜಕ್ಕೆ ಬಿಡುತ್ತಾರೆ. ಈ ಸಲ ನಡುವೆ ಬಂದ ಮಳೆ ಬೊಟ್ಟನ್ನು ತೊಳೆದುಬಿಟ್ಟಿತು. ಮರುದಿನ ಸೊಸೆ ಶೋಭಿತಾ ತಿಳಿಯದೆ ಆ ಕಾಯನ್ನೇ ಕಿತ್ತು ಸಾರು ಮಾಡಿದರು.

"ಚೆನ್ನಾಗೈತೆ ಕಣವ್ವ ಅಂತ ನಾನೇ ಎರಡ್ನೇ ಸಲ ಸಾರು ಬಿಡಿಸ್ಕಂಡೆ ಸಾ! ಆಮೇಲೆ ಬಳ್ಳಿ ತಾವ ಓಗಿ ನೋಡಿದ್ರೆ ಬೀಜದ ಕಾಯೇ ಇಲ್ಲ. ಯಾರ್ನ ಬಯ್ಯಾನ? ಮಳೆ ನಿಂತ್ಮೇಲೆ ಇನ್ನೊಂದ್ಸಲ ಬೊಟ್ಟಿಕ್ಕಬೇಕಾಗಿದ್ದೋಳು ನಾನೇಯ" ಎಂದು ನಮ್ಮ ಮುಂದೆ ಹೇಳಿಕೊಳ್ಳುತ್ತಾರೆ ಮುದ್ದಮ್ಮ.

ಹಳೆಯ ಬೀಜ ಬಿತ್ತಿ ಮುಗಿದಿತ್ತು. ಹಂಚಿದ ಮನೆಗಳಲ್ಲೂ ಬಳ್ಳಿ ಒಣಗಿತ್ತು. ಉಳಿದದ್ದು ತುದಿಯ ಒಂದು ಹೀಚು. ಅದು ಹೋದರೆ ತಾಯಿಯ ಹೀರೆಯೇ ಇಲ್ಲ. ಅತ್ತೆ ಕೂಲಿಗೆ ಹೋದ ಹೊತ್ತಿನಲ್ಲಿ ಶೋಭಿತಾ ತೆಂಗಿನ ಗರಿ ಹೊದಿಸಿ, ಅಳಿಲು ಓಡಿಸಿ, ಆಡು ಅಟ್ಟಿ ಅದನ್ನು ಕಾದರು.

"ಅತ್ತೆ ಒಂದ್ ಮಾತೂ ಅನ್ನಲಿಲ್ಲ ಸಾ. ಬೈದಿದ್ರೇ ವಾಸಿಯಾಗಿತ್ತು" ಎನ್ನುತ್ತಾರೆ ಶೋಭಿತಾ.

ಇವತ್ತು ಕಾಯಿ ಒಣಗಿ ಕಂದು ಬಣ್ಣಕ್ಕೆ ತಿರುಗಿದೆ. ಮುದ್ದಮ್ಮ ತೊಟ್ಟು ಮುರಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಗಲಗಲ ಸದ್ದು ಕೇಳಿ ಮುಖ ಅರಳುತ್ತದೆ. ತುದಿ ಒಡೆದು ಸುರಿದರೆ ಸೊಸೆಯ ಬೊಗಸೆಯಲ್ಲಿ ಕಪ್ಪನೆಯ ಗಟ್ಟಿ ಬೀಜಗಳು.

ಬೇಲಿಯಾಚೆಯಿಂದ ಪಕ್ಕದ ಮನೆಯ ಚಿಕ್ಕಯ್ಯ ಕೂಗುತ್ತಾರೆ: "ಮುದ್ದಕ್ಕ, ನಮ್ಗೂ ನಾಕು ಬೀಜ ಇರ್ಲಿ."

ಮುದ್ದಮ್ಮ ಕೈ ಕೊಡವಿಕೊಂಡು ನಗುತ್ತಾರೆ. "ನನ್ಯಾಕೆ ಕೇಳೀಯ ಚಿಕ್ಕಯ್ಯಣ್ಣ? ನನ್ ಸೊಸೇನ ಕೇಳು. ಬಿಸ್ಲಲ್ಲಿ ಕಾದು ಉಳಿಸ್ದೋಳು ಅವಳು. ನಮ್ಮನೆ ಬೀಜ ಇನ್ಮೇಲೆ ಅವಳ ಕೈಲೇಯ."