ರೋಸಮ್ಮನ ಹಿಂದಿನ ಗೋಡೆ

ಹಳೇ ಚರ್ಚುಗಳನ್ನು ದುರಸ್ತಿ ಮಾಡಿಸುವುದು ನನ್ನ ಕೆಲಸ. ಮರಳವಾಡಿ ಹತ್ತಿರದ ಒಂದು ಚರ್ಚಿನವರು ನನ್ನನ್ನು ಕರೆಸಿದ್ದು ಪ್ರತಿಧ್ವನಿಯ ಕಾಟ ತಾಳಲಾರದೆ. ಫಾದರ್ ಆಡಿದ ಮಾತೆಲ್ಲ ಗೋಡೆಗೆ ಬಡಿದು ಕಲಸಿಹೋಗುತ್ತಿತ್ತು. ಒಳಗೋಡೆಗಳಿಗೆಲ್ಲ ಸದ್ದು ಹೀರುವ ಹಲಗೆ ಹೊಡೆಸೋಣ ಅಂದೆ.

ಒಂದು ಸಂಜೆ, ಬಣ್ಣದ ಗಾಜಿನಿಂದ ಇಳಿದ ಹಳದಿ ಬೆಳಕಿನಲ್ಲಿ ಧೂಳು ತೇಲುತ್ತಿದ್ದಾಗ, ಚರ್ಚಿನಲ್ಲಿ ಹಾಡುವ ರೋಸಮ್ಮ ಬಂದು ನಿಂತರು. ವಯಸ್ಸಾದವರು.

“ಸಾರ್, ಹಿಂದ್ಲು ಗೋಡೆ ಒಂದ ಹಂಗೇ ಬುಟ್ಬುಡಿ.”

“ಯಾಕಮ್ಮಾ?”

“ನಾನೂ ನಮ್ಮಕ್ಕನೂ ಜೊತೇಲಿ ಹಾಡ್ತಿದ್ವಿ. ಅವ್ಳು ತೀರ್ಕೊಂಡ್ಮೇಲೆ ಒಬ್ಳೇ ಹಾಡ್ತೀನಿ. ಆ ಗೋಡೆ ಒಸಿ ತಡೆದು ನನ್ ಜೊತೆ ಹಾಡ್ತೈತೆ.”

 ಹಾಗಂದವರೇ ಮೆಲ್ಲಗೆ ಒಂದು ಸಾಲು ಹಾಡಿದರು. ಅವರು ನಿಲ್ಲಿಸಿದ ಮೇಲೂ ಇನ್ನೊಂದು ದನಿ, ಅವರದಕ್ಕಿಂತ ಎಳೆಯದು, ಆ ಬೆಳಕಿನೊಳಗೆ ತೇಲುತ್ತಲೇ ಇತ್ತು. 

ಮಾರನೇ ದಿನ ರೋಸಮ್ಮನಿಂದ ಹಾಡಿಸಿ ಫಾದರ್‌ಗೂ ಅದನ್ನು ಕೇಳಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, “ಆ ಗೋಡೆ ಇರಲಿ ಬಿಡಿ” ಅಂದರು.

ಮಿಕ್ಕ ಗೋಡೆಗಳಿಗೆ ಹಲಗೆ ಹೊಡೆಸಿದೆವು. ರೋಸಮ್ಮನಿಗೆ ಅಕ್ಕನ ದನಿ ಉಳಿಯಿತು. ಫಾದರ್ ಮಾತೂ ಈಗ ಚೆನ್ನಾಗಿ ಅರ್ಥವಾಗುತ್ತದೆ. ಪ್ರವಚನದ ಹೊತ್ತಲ್ಲಿ ನಿದ್ದೆ ಹತ್ತುವುದಿಲ್ಲ ಅನ್ನುವುದೊಂದೇ ಊರಿನವರ ದೂರು.