ಉತ್ತರಕ್ಕೆ ಬಿದ್ದ ನೆರಳು

ಕಳೆದ ಭಾನುವಾರ ಕ್ವೇಕರ್ಸ್ ಹಿಲ್‌ನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇರುವ ಗೆಳೆಯರ ಮನೆಗೆ ಊಟಕ್ಕೆ ಹೋಗಿದ್ದೆವು. ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎನ್ನುತ್ತಿತ್ತು, ಊಟಕ್ಕೆ ಇನ್ನೂ ಹೊತ್ತಿತ್ತು. ಇಂಥ ಹೊತ್ತಿನಲ್ಲಿ ಬೇರೆಯವರ ಪುಸ್ತಕದ ಕಪಾಟಿನ ಮುಂದೆ ಕೈಕಟ್ಟಿಕೊಂಡು ನಿಲ್ಲುವುದು ನನ್ನ ಹಳೆಯ ಚಾಳಿ. ಓದುವ ಮನುಷ್ಯ ಅನ್ನಿಸಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ನನಗಿನ್ನೂ ಸಿಕ್ಕಿಲ್ಲ. ಅಲ್ಲಿ ‘ನೆರಳಿಗೊಂದು ಅಳತೆ’ ಎಂಬ ಪುಸ್ತಕ ಕಂಡಿತು. ತೆಗೆದು ನಡುಮಧ್ಯೆ ಬಿಡಿಸಿದೆ. ಹೊಸ ಪುಸ್ತಕದ ವಾಸನೆ ಗಮ್ಮೆಂದು ಮೂಗಿಗೆ ಬಡಿಯಿತು. ಅಂಟು, ಶಾಯಿ, ಬೆಂಗಳೂರಿನ ಪ್ರೆಸ್ಸು, ಎಲ್ಲವೂ ಹಾಗೇ ಇದ್ದವು. ಪುಸ್ತಕ ಬಿಡುಗಡೆಯಾಗಿ ಆರು ವರ್ಷವಾಗಿದೆ. ಇಷ್ಟು ಕಾಲ ವಾಸನೆ ಉಳಿಯಬೇಕಾದರೆ ಅದನ್ನು ಎಷ್ಟು ಜೋಪಾನವಾಗಿ ಮುಚ್ಚಿಟ್ಟಿರಬೇಕು, ನೀವೇ ಯೋಚಿಸಿ.

“ಅದ್ಭುತವಾದ ಬುಕ್ ಅಲ್ವಾ ಸಾರ್?” ಎಂದರು ಗೆಳೆಯರು, ತಟ್ಟೆ ಜೋಡಿಸುತ್ತ.

“ಅದ್ಭುತ,” ಎಂದೆ. ನಗು ಬಂತು, ನುಂಗಿಕೊಂಡೆ. ಈ ಪುಸ್ತಕವನ್ನು ಓದದೆ ಹೊಗಳಿದವರಲ್ಲಿ ಮೊದಲಿಗ ನಾನೇ. ಅದೂ ವೇದಿಕೆಯ ಮೇಲೆ, ಮೈಕಿನ ಮುಂದೆ, ಶಾಲು ಹೊದ್ದುಕೊಂಡು.

ಪುಸ್ತಕ ಬರೆದವರು ವಾಸು ಅಂಕಲ್. ಮೈಸೂರಿನವರು, ಮೆಲ್ಬರ್ನಿನ ಕ್ರಾನ್‌ಬರ್ನ್‌ನಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇದ್ದಾರೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ರೋಗ ಹೇಳುವ ಡಾಕ್ಟರಾಗಿದ್ದರು. ನಿವೃತ್ತರಾದ ಮೇಲೆ ಇತರರು ಗಾಲ್ಫ್ ಆಡುವಾಗ ಇವರು ಕನ್ನಡದಲ್ಲಿ ಪುಸ್ತಕ ಬರೆಯಲು ಕೂತರು. ಕತೆಯಲ್ಲ, ಕವಿತೆಯಲ್ಲ. ನಡೆದದ್ದನ್ನೇ ಕತೆಯ ಹಾಗೆ ಹೇಳುವ ಪುಸ್ತಕಗಳು. ಮೊದಲನೆಯದು ‘ನೀಲಿಯ ಜಾಡು’. ನೀಲಿ ಗಿಡದ ಎಲೆ ತೊಟ್ಟಿಯಲ್ಲಿ ಕೊಳೆತು ಬಣ್ಣವಾಗುವುದರಿಂದ ಹೊರಟು, ಹಡಗು ಹತ್ತಿ, ಚಿತ್ರಕಾರರ ಕೈಗೆ ಸಿಕ್ಕಿ, ಕೊನೆಗೆ ಪ್ರಯೋಗಾಲಯದ ಗಾಜಿನ ಸೀಸೆಯಲ್ಲಿ ಬಂದು ಮುಗಿಯುತ್ತದೆ. ಎರಡನೆಯದು ‘ಮರಳು, ಗಾಜು, ಕಣ್ಣು’. ಮೂರನೆಯದೇ ಈ ನೆರಳಿನದು. ನೆಟ್ಟ ಕೋಲಿನ ನೆರಳು ನೋಡಿ ಭೂಮಿಯ ಸುತ್ತಳತೆ ಲೆಕ್ಕ ಹಾಕಿದವನು, ಮುಖದ ಮೇಲೆ ನೆರಳು ಹರಡಿ ಚಿತ್ರಕ್ಕೆ ಜೀವ ಕೊಟ್ಟವರು, ಹೆಂಡತಿಯ ಕೈಮೂಳೆಯ ನೆರಳನ್ನು ಉಂಗುರದ ಸಮೇತ ಹಿಡಿದ ವಿಜ್ಞಾನಿ, ಎಲ್ಲರೂ ಇದರಲ್ಲಿದ್ದಾರೆ. ನೋಡಿ, ಈಗ ನಾನು ಎಷ್ಟು ಚೆನ್ನಾಗಿ ಹೇಳುತ್ತಿದ್ದೇನೆ. ಆಗ ಇಷ್ಟೂ ಗೊತ್ತಿರಲಿಲ್ಲ.

ಆಫೀಸಿನ ಕೆಲಸಕ್ಕೆ ಮೆಲ್ಬರ್ನಿಗೆ ಹೋದಾಗಲೆಲ್ಲ ನಾನು ಅವರ ಮನೆಯಲ್ಲೇ ಉಳಿಯುತ್ತಿದ್ದೆ. ಕಂಪನಿ ಹೋಟೆಲ್ ಬುಕ್ ಮಾಡಿದ್ದರೂ ಅವರ ಹೆಂಡತಿ ಶಾರದಾ ಆಂಟಿಯ ಬಿಸಿಬೇಳೆಬಾತ್ ಹೋಟೆಲಿನವರಿಗೆ ಬರುವುದಿಲ್ಲವಲ್ಲ. ಊಟದ ಮೇಜಿನಲ್ಲಿ ಅಂಕಲ್ ಬಹಳ ಕಷ್ಟದ ಮನುಷ್ಯ. ನೀವು ಏನೇ ಹೇಳಿ, “ಎಲ್ಲಿ ಬರೆದಿದೆ?” ಎಂದು ಕೇಳುತ್ತಿದ್ದರು. ‘ಮಳೆ ಬರುತ್ತಿತ್ತು’ ಎಂದು ಪುಸ್ತಕದಲ್ಲಿ ಬರೆಯಬೇಕಾದರೆ ಆ ಊರಿನಲ್ಲಿ ಆ ದಿನ ಮಳೆ ಬಂದದ್ದಕ್ಕೆ ದಾಖಲೆ ಬೇಕು ಎನ್ನುವವರು. ಒಮ್ಮೆ ಯೂರೋಪಿನ ಯಾವುದೋ ಊರಿನ ಒಂದು ಮಧ್ಯಾಹ್ನದ ಮಳೆಗಾಗಿ ಮೂರು ಗ್ರಂಥಾಲಯಗಳಿಗೆ ಕಾಗದ ಬರೆದು ಕಾದರು. ಕೊನೆಗೆ ಮಳೆ ಬಂದಿರಲಿಲ್ಲವೆಂದು ತಿಳಿದು, ಕಷ್ಟಪಟ್ಟು ಬರೆದಿದ್ದ ಒಂದು ಪ್ಯಾರಾ ಹೊಡೆದು ಹಾಕಿದರು.

“ಒಂದು ಮಳೇಲಿ ಏನಿದೆ ಅಂಕಲ್? ಯಾರು ಚೆಕ್ ಮಾಡ್ತಾರೆ?” ಎಂದು ಕೇಳಿದ್ದೆ.

“ಓದೋನು ಮಾಡ್ತಾನೆ ಕಣಯ್ಯಾ,” ಎಂದಿದ್ದರು.

ಓದುವವನ ಮೇಲೆ ಅವರಿಗೆ ಅಷ್ಟು ನಂಬಿಕೆ. ಆ ಓದುವವನ ಪ್ರತಿನಿಧಿಯಾಗಿ ಅವರು ಆರಿಸಿಕೊಂಡದ್ದು ನನ್ನನ್ನು. ಮೂರೂ ಪುಸ್ತಕಗಳ ಬಿಡುಗಡೆಯಲ್ಲಿ ಪುಸ್ತಕದ ಬಗ್ಗೆ ಮಾತಾಡಿದವನು ನಾನೇ. ಕಾಲೇಜಿನ ದಿನಗಳಲ್ಲಿ ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಂಡ ನಾಲಿಗೆ ನನ್ನದು. ಪುಸ್ತಕ ಬಿಡುಗಡೆಯ ಭಾಷಣಕ್ಕೆ ಬೇಕಾದದ್ದು ಮುನ್ನುಡಿ, ಹಿಂಬದಿಯ ಬರಹ ಮತ್ತು ನಡುವಿನ ಯಾವುದಾದರೂ ಒಂದು ವಾಕ್ಯ. ಆ ವಾಕ್ಯವನ್ನು ಪುಟಸಂಖ್ಯೆ ಸಹಿತ ಓದಿದರೆ ಸಭೆ ತಲೆದೂಗುತ್ತದೆ. ಹೀಗೆ ನೀಲಿಯನ್ನೂ ಗಾಜನ್ನೂ ದಾಟಿಸಿದ್ದೆ.

ಮೂರನೆಯದನ್ನು ನಿಜವಾಗಿಯೂ ಓದಬೇಕೆಂದಿದ್ದೆ. ನಂಬಿ. ಹದಿನೈದು ದಿನ ಮೊದಲೇ ಪೋಸ್ಟಿನಲ್ಲಿ ಬಂದ ಪುಸ್ತಕ ಹಾಸಿಗೆಯ ಪಕ್ಕದಲ್ಲೇ ಇತ್ತು. ಚಾಟ್ಸ್‌ವುಡ್‌ನ ಆಫೀಸಿನಲ್ಲಿ ಆ ವಾರವೇ ಹೊಸ ಸಿಸ್ಟಮ್ ಲೈವ್ ಆಗಬೇಕಿತ್ತು. ವಿಮಾನದಲ್ಲಿ ಓದೋಣ ಎಂದುಕೊಂಡು ಸೀಟಿನಲ್ಲಿ ಕೂತು ಬೆಲ್ಟ್ ಕಟ್ಟಿದ್ದೊಂದೇ ನೆನಪು, ಕಣ್ಣುಬಿಟ್ಟಾಗ ಮೆಲ್ಬರ್ನ್ ಬಂದಿತ್ತು.

ಬಿಡುಗಡೆ ಇದ್ದದ್ದು ಒಂದು ಶಾಲೆಯ ಹಾಲ್‌ನಲ್ಲಿ. ಆಗಸ್ಟ್ ತಿಂಗಳ ಚಳಿ, ಹೀಟರ್ ಕೆಟ್ಟಿತ್ತು, ಜನ ಜಾಕೆಟ್ ತೆಗೆಯದೆ ಕೂತಿದ್ದರು. ನನ್ನ ಸರಕು ಎಂಟು ನಿಮಿಷಕ್ಕೆ ಮುಗಿಯಿತು, ಕೊಟ್ಟ ಸಮಯ ಇಪ್ಪತ್ತು ನಿಮಿಷ. ಸಭೆ ಆಕಳಿಸತೊಡಗಿತ್ತು. ಆಗ ಅದು ಯಾವ ಗಳಿಗೆಯೋ, ನನ್ನ ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಟಿತು. “ಇವೆಲ್ಲಕ್ಕೂ ಕಿರೀಟ ಇಟ್ಟಂತಿರುವುದು ಕೊನೆಯ ಅಧ್ಯಾಯ. ಅದರಲ್ಲಿ ಲೇಖಕರು ತಮ್ಮ ತಾಯಿಯನ್ನು ನೆನೆದಿದ್ದಾರೆ. ಆಕೆಯ ನೆರಳಿಗೆ ಮಾತ್ರ ಅಳತೆಯಿಲ್ಲ ಎನ್ನುತ್ತಾರೆ,” ಎಂದೆ. ಕನ್ನಡದ ಪುಸ್ತಕವೆಂದ ಮೇಲೆ ಎಲ್ಲೋ ಒಂದು ಕಡೆ ತಾಯಿ ಇದ್ದೇ ಇರುತ್ತಾಳೆ ಎಂಬ ಧೈರ್ಯ. ಆಕಳಿಕೆ ನಿಂತಿತು. ಮುಂದಿನ ಸಾಲಿನ ಇಬ್ಬರು ಆಂಟಿಯರು ಕಣ್ಣೊರೆಸಿಕೊಂಡರು. ಉಳಿದ ಹನ್ನೆರಡು ನಿಮಿಷ ನಾನು ಆ ತಾಯಿಯನ್ನು ಬಿಡಲಿಲ್ಲ. ಚಪ್ಪಾಳೆಯ ನಡುವೆ ತಿರುಗಿ ನೋಡಿದರೆ ಅಂಕಲ್ ಕನ್ನಡಕದ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಬಗ್ಗಿ ಮೈಕಿನ ವೈರ್ ನೋಡತೊಡಗಿದರು.

ತಂದಿದ್ದ ಅಷ್ಟೂ ಪುಸ್ತಕ ಆವತ್ತೇ ಖರ್ಚಾದವು. ಮನೆಗೆ ಬಂದು ಊಟಕ್ಕೆ ಕೂತಾಗ, ಮೊಸರನ್ನಕ್ಕೆ ಬಂದ ಮೇಲೆ ಅಂಕಲ್ ವಿಷಯ ತೆಗೆದರು.

“ಕೊನೇ ಅಧ್ಯಾಯದ ಬಗ್ಗೆ ಚೆನ್ನಾಗಿ ಮಾತಾಡಿದೆ ಕಣಯ್ಯಾ,” ಎಂದರು. “ಅಮ್ಮನ ಬಗ್ಗೆ ನಾನು ಒಂದು ಲೈನೂ ಬರೆದಿಲ್ಲ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಕ್ಷಮೆ ಕೇಳಲು ಹೋದೆ, ಅವರು ಕೈಯೆತ್ತಿ ತಡೆದರು. ಸಿಟ್ಟಿನ ಸುಳಿವೇ ಇರಲಿಲ್ಲ. ಹೊಸ ಎಕ್ಸ್‌ರೇ ಕೈಗೆ ಸಿಕ್ಕ ಡಾಕ್ಟರ ಮುಖ ಅದು.

“ಯಾರಿಗೂ ಹೇಳ್ಬೇಡ. ಇದೊಂದು ಒಳ್ಳೇ ಎಕ್ಸ್‌ಪೆರಿಮೆಂಟ್. ಪುಸ್ತಕ ತಗೊಂಡೋರು ಓದ್ತಾರೆ. ಓದಿದೋರು ‘ಡಾಕ್ಟ್ರೇ, ಆ ಅಧ್ಯಾಯ ಎಲ್ರೀ?’ ಅಂತ ಫೋನ್ ಮಾಡೇ ಮಾಡ್ತಾರೆ. ಮೊದಲು ಯಾರು ಮಾಡ್ತಾರೆ ನೋಡೋಣ.”

ಫೋನುಗಳೇನೋ ಬಂದವು. ಒಬ್ಬರು ಆ ಅಧ್ಯಾಯ ಓದಿ ತಮ್ಮ ತಾಯಿಯ ನೆನಪಾಯಿತು ಎಂದರು. ಇನ್ನೊಬ್ಬರು ಅದನ್ನು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದರಂತೆ. ಮತ್ತೊಬ್ಬರು, ತಾಯಿಯ ಭಾಗ ಬಹಳ ಚೆನ್ನಾಗಿದೆ, ಆದರೆ ಸ್ವಲ್ಪ ಉದ್ದವಾಯಿತು ಎಂದರು. ಅಂಕಲ್ ಎಲ್ಲರಿಗೂ ಥ್ಯಾಂಕ್ಸ್ ಹೇಳಿದರು. ಸೆಪ್ಟೆಂಬರ್ ಹೋಯಿತು, ಅಕ್ಟೋಬರ್ ಹೋಯಿತು, ಆ ಅಧ್ಯಾಯ ಎಲ್ಲಿ ಎಂದು ಕೇಳಿದವರು ಒಬ್ಬರೂ ಇಲ್ಲ.

ಡಿಸೆಂಬರಿನಲ್ಲಿ ಆಂಟಿ ನನಗೆ ಫೋನ್ ಮಾಡಿದರು. ಆಗ ಅಂಕಲ್ ನಾಲ್ಕನೆಯ ಪುಸ್ತಕಕ್ಕೆ ಕೈಹಾಕಿದ್ದರು, ಗಂಟೆಗಳ ಬಗ್ಗೆ. ಲೋಹ, ಸಂಗೀತ, ಹೊತ್ತು ಅಳೆಯುವುದು, ಎಲ್ಲ ಸೇರಿದ್ದು.

“ಆ ಫೈಲ್‌ಗಳನ್ನೆಲ್ಲ ಬಾಕ್ಸಿಗೆ ಹಾಕಿ ಗ್ಯಾರೇಜಿಗೆ ಇಟ್ಬಿಟ್ರಪ್ಪ. ಯಾರಿಗೆ ಬರೀಲಿ ಶಾರದಾ ಅಂತಾರೆ. ಬೆಳಗ್ಗೆ ಎದ್ದು ಟೀವಿ ಮುಂದೆ ಕೂತ್ರೆ ಮುಗೀತು. ಅವರನ್ನ ಹೀಗೆ ನಾನು ಯಾವತ್ತೂ ನೋಡಿಲ್ಲ. ನೀನು ಏನಾದ್ರೂ ಹೇಳು, ನಿನ್ನ ಮಾತು ಅಂದ್ರೆ ಅವರಿಗೆ ಇಷ್ಟ.”

ನನ್ನ ಮಾತು! ಆವತ್ತು ನನಗೆ ನನ್ನ ನಾಲಿಗೆಯ ಮೇಲೆ ಹುಟ್ಟಿದ ಅಸಹ್ಯವನ್ನು ಮುಚ್ಚಿಡಲಾರೆ. ಇನ್ನೊಂದು ಸಲ ಹೊಗಳಿದರೆ ಅವರು ನಂಬುವುದಿಲ್ಲ, ನಂಬಲೂಬಾರದು. ಪುಸ್ತಕ ಎತ್ತಿಕೊಂಡು ಮರುದಿನ ರೈಲಿನಲ್ಲಿ ಓದಲು ಶುರು ಮಾಡಿದೆ. ಕ್ವೇಕರ್ಸ್ ಹಿಲ್‌ನಿಂದ ಚಾಟ್ಸ್‌ವುಡ್‌ಗೆ ಒಂದು ಗಂಟೆಯ ಮೇಲಿನ ದಾರಿ. ಅಷ್ಟು ವರ್ಷ ಆ ದಾರಿಯಲ್ಲಿ ನಿದ್ದೆ ಮಾಡಿದವನು ಆ ವಾರ ಎರಡು ಸಲ ಸ್ಟೇಷನ್ ದಾಟಿ ಮುಂದೆ ಹೋದೆ. ಪುಸ್ತಕ ಅಷ್ಟು ಚೆನ್ನಾಗಿತ್ತು. ಹೀಗೆ ಹೇಳಿದರೆ ನೀವು ನಂಬಬೇಕಾಗಿಲ್ಲ, ನನ್ನ ಮಾತಿನ ಬೆಲೆ ನಿಮಗೀಗ ಗೊತ್ತು.

ಕೊನೆಯ ಅಧ್ಯಾಯದಲ್ಲಿ ಅಂಕಲ್ ತಮ್ಮ ಹಿತ್ತಲಿಗೆ ಬರುತ್ತಾರೆ. ಇಲ್ಲಿನ ಹಿತ್ತಲುಗಳಲ್ಲಿ ಕೊಡೆಯ ಹಾಗೆ ಬಿಚ್ಚಿಕೊಂಡು ತಿರುಗುವ, ಬಟ್ಟೆ ಒಣಹಾಕುವ ಕಂಬ ಇರುತ್ತದಲ್ಲ, ನಡುಮಧ್ಯಾಹ್ನ ಅದರ ನೆರಳು ಗಿಡ್ಡವಾಗಿ ಉತ್ತರದ ಬೇಲಿಯ ಕಡೆ ಬಿದ್ದಿದೆ ಎಂದು ಬರೆದಿದ್ದಾರೆ. ಓದಿ ಮುಂದೆ ಹೋದವನು ಮತ್ತೆ ಹಿಂದೆ ಬಂದೆ. ಉತ್ತರಕ್ಕೆ? ಆಫೀಸಿನಲ್ಲಿ ಊಟದ ಬಿಡುವಿನ ಹೊತ್ತಿಗೆ ಕೆಳಗಿಳಿದು ಬಿಸಿಲಲ್ಲಿ ನಿಂತೆ. ಫೋನಿನಲ್ಲಿ ದಿಕ್ಸೂಚಿ ತೆರೆದೆ. ನನ್ನ ನೆರಳು ದಕ್ಷಿಣಕ್ಕಿತ್ತು. ಶನಿವಾರ ಮನೆಯ ಹಿತ್ತಲಲ್ಲಿ ಪುಸ್ತಕ ಹಿಡಿದು ಇನ್ನೊಂದು ಸಲ ನಿಂತೆ. “ಡ್ಯಾಡ್, ವಾಟ್ ಆರ್ ಯೂ ಡೂಯಿಂಗ್?” ಎಂದು ಮಗಳು ಕಿಟಕಿಯಿಂದ ಕೂಗಿದಳು. ಓದ್ತಾ ಇದ್ದೀನಿ ಎಂದೆ. ನೆರಳು ದಕ್ಷಿಣಕ್ಕೇ ಇತ್ತು. ಈ ದೇಶದ ಈ ಭಾಗದಲ್ಲಿ ಸೂರ್ಯ ವರ್ಷವಿಡೀ ಮಧ್ಯಾಹ್ನ ಉತ್ತರದಲ್ಲೇ ಇರುತ್ತಾನೆ, ಆ ಹೊತ್ತಿಗೆ ನೆರಳು ಉತ್ತರಕ್ಕೆ ಬೀಳುವುದೇ ಇಲ್ಲ. ಒಂದು ಮಳೆಗಾಗಿ ಮೂರು ಕಾಗದ ಬರೆದವರು ಹಿತ್ತಲ ಬಾಗಿಲು ತೆಗೆದು ನೋಡಿರಲಿಲ್ಲ.

ಮರುದಿನ ಒಂದು ಗಂಟೆಯ ಸುಮಾರಿಗೆ ಫೋನ್ ಮಾಡಿದೆ. ಬೇಸಗೆಯಲ್ಲಿ ಇಲ್ಲಿ ಗಡಿಯಾರವನ್ನು ಮುಂದಿಡುವುದರಿಂದ ಸೂರ್ಯನ ಲೆಕ್ಕದಲ್ಲಿ ಅದೇ ನಡುಮಧ್ಯಾಹ್ನ.

“ಅಂಕಲ್, ನೂರಾ ಎಂಬತ್ತೆಂಟನೇ ಪೇಜಲ್ಲಿ ನೀವು ತಪ್ಪು ಬರೆದಿದ್ದೀರಿ.”

ಆ ಕಡೆ ಟೀವಿಯ ಸದ್ದು ನಿಂತಿತು. “ಯಾವ ಲೈನು?”

ಹೇಳಿದೆ. “ಸಾಧ್ಯವೇ ಇಲ್ಲ,” ಎಂದರು. “ಎಲ್ಲಿ ಬರೆದಿದೆ?” ಎಂದರು. ನಿಮ್ಮ ಹಿತ್ತಲಲ್ಲಿ ಎಂದೆ. ಬಾಗಿಲು ಸರಿದ ಸದ್ದು, ಹಿಂದಿನಿಂದ ಆಂಟಿ, “ರೀ, ಟೋಪಿ ಹಾಕ್ಕೊಳ್ರೀ” ಎಂದು ಕೂಗಿದ್ದು, ಚಪ್ಪಲಿಯ ಸದ್ದು.

“ಹೌದಲ್ಲೋ,” ಎಂದರು. “ಮೂವತ್ತು ವರ್ಷದಿಂದ ಇದೇ ಕಂಬಕ್ಕೆ ಬಟ್ಟೆ ಹಾಕ್ತಾ ಇದೀನಿ.” ಮುಂದಿನ ಮಾತು ಮೆಲ್ಲಗೆ ಬಂತು. “ಬರೆಯೋವಾಗ ನನ್ನ ಕಣ್ಮುಂದೆ ಇದ್ದಿದ್ದು ಈ ಹಿತ್ತಲು ಅಲ್ಲ ಅನ್ಸತ್ತೆ. ಮೈಸೂರಲ್ಲಿ ಅಮ್ಮ ತಾರಸಿ ಮೇಲೆ ಹಪ್ಪಳ ಒಣಗಿಸೋರು. ಕಾಗೆ ಓಡಿಸೋಕೆ ನನ್ನ ಕೂರಿಸೋರು. ಮಾರ್ಚ್ ತಿಂಗಳ ಬಿಸಿಲು. ತಂತಿ ಕಂಬದ ನೆರಳು ಉತ್ತರದ ಗೋಡೆ ಕಡೆ ಇರ್ತಿತ್ತು. ಅಮ್ಮ ತನ್ನ ಸೆರಗು ನನ್ನ ತಲೆ ಮೇಲೆ ಹಾಕಿ, ನೆರಳಲ್ಲಿ ಕೂತ್ಕೋ ಮಗು ಅನ್ನೋರು.”

ನಾನು ಬಾಯಿಗೆ ಬಂದಂತೆ ಹೇಳಿದ ತಾಯಿ ಆ ತಪ್ಪು ಸಾಲಿನಲ್ಲೇ ಇದ್ದರು. ಅಂಕಲ್‌ಗೂ ಗೊತ್ತಿರಲಿಲ್ಲ.

ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರ ದನಿ ಬದಲಾಗಿತ್ತು. “ಪೂರ್ತಿ ಓದಿದೀಯಾ ನೀನು! ಓದದೆ ಇದು ಸಿಗೋದೇ ಇಲ್ಲ. ಶಾರದಾ, ಇವನು ತಪ್ಪು ಹಿಡಿದಿದಾನೆ ಕಣೇ!” ಎಂದು ಇಡೀ ಬೀದಿಗೆ ಕೇಳುವ ಹಾಗೆ ಕೂಗಿದರು. ನನ್ನ ಮೂರು ಭಾಷಣಗಳಿಂದ ಒಮ್ಮೆಯೂ ಆಗದಿದ್ದ ಸಂತೋಷ ಅದು. “ಬೇರೆ ತಪ್ಪೇನಾದ್ರೂ ಇದ್ಯಾ?” ಎಂದು ಆಸೆಯಿಂದ ಕೇಳಿದರು. ಮುಂದಿನ ವಾರ ಗಂಟೆಗಳ ಫೈಲುಗಳು ಗ್ಯಾರೇಜಿನಿಂದ ಒಳಗೆ ಬಂದವೆಂದು ಆಂಟಿ ಹೇಳಿದರು.

ಆ ಪುಸ್ತಕ ಇನ್ನೂ ಮುಗಿದಿಲ್ಲ. ಒಂದೊಂದು ಗಂಟೆಗೂ ದಾಖಲೆ ಬೇಕಲ್ಲ. ಅಂಕಲ್‌ಗೆ ಈಗ ಎಂಬತ್ತರ ಹತ್ತಿರ, ಒಂದೊಂದೇ ಅಧ್ಯಾಯ ಬರೆದು ನನಗೆ ಕಳಿಸುತ್ತಾರೆ. ಅಧ್ಯಾಯಕ್ಕೆ ಒಂದಾದರೂ ತಪ್ಪು ತೋರಿಸದಿದ್ದರೆ ಅನುಮಾನಪಡುತ್ತಾರೆ.

ಭಾನುವಾರ ಆ ಪುಸ್ತಕ ಕೈಯಲ್ಲಿ ಹಿಡಿದೇ ನಿಂತಿದ್ದಾಗ ಜೇಬಿನಲ್ಲಿ ಫೋನ್ ಅಲುಗಿತು. ಅವರದೇ ಮೆಸೇಜು. “ಏಳನೇ ಅಧ್ಯಾಯ ಕಳಿಸಿ ಹತ್ತು ದಿನ ಆಯ್ತು. ಹೇಗಿದೆ?” ಬೆರಳು ಅಭ್ಯಾಸಬಲದಿಂದ ‘ಅದ್ಭುತವಾಗಿದೆ ಅಂಕಲ್’ ಎಂದು ಬರೆದುಬಿಟ್ಟಿತ್ತು. ಗೆಳೆಯರು ಊಟಕ್ಕೆ ಕರೆಯುತ್ತಿದ್ದರು. ಬರೆದದ್ದನ್ನು ಒಂದೊಂದೇ ಅಕ್ಷರ ಅಳಿಸಿ, “ಇನ್ನೂ ಓದಿಲ್ಲ ಅಂಕಲ್” ಎಂದು ಕಳಿಸಿದೆ.