ಕುಂಬಳಕಾಯಿ ತೆಗೆದ ಜಾಗ

ಶಿವಕುಮಾರಸ್ವಾಮಿಯ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ ಎಂದರೆ ನಾನು ಅವನ ಇಸ್ತ್ರಿಯ ಬಗ್ಗೆ ಹೇಳುತ್ತೇನೆ. ಕೊಳ್ಳೇಗಾಲದ ಬೇಸಿಗೆಯಲ್ಲಿ, ರಸ್ತೆಯ ಧೂಳೆಲ್ಲ ಮಹಡಿ ಹತ್ತಿ ಬರುವ ಆಫೀಸಿನಲ್ಲಿ ಕೂತರೂ ಆ ಮನುಷ್ಯನ ಅಂಗಿಯ ತೋಳಿನ ಗೆರೆ ಸಂಜೆಯವರೆಗೆ ಮುರಿಯುತ್ತಿರಲಿಲ್ಲ. ಉಳಿದದ್ದೆಲ್ಲ ಬರೀ ಬೊಗಳೆ.

ಊರು ಯಳಂದೂರು, ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ನಾನೂ ಅದನ್ನೇ ಓದಿದವಳು, ಹಾಗಾಗಿ ಆ ಓದು ಎಷ್ಟು ದೂರ ನಡೆಯುತ್ತದೆ, ಎಲ್ಲಿ ಕುಂಟುತ್ತದೆ ಎನ್ನುವುದು ನನಗೆ ಗೊತ್ತು. ಮೈಸೂರಿನ ಯಾವುದೋ ಕಾರ್ಖಾನೆಯಲ್ಲಿ ಕೆಲವು ವರ್ಷ ಇದ್ದು, ಒಂದು ಸಾಫ್ಟ್‌ವೇರ್ ಕಲಿತು ವಾಪಸ್ ಬಂದ. ಬಂದವನೇ ವೆಲ್ಡಿಂಗ್ ಅಂಗಡಿಯೊಂದರ ಮೇಲಿನ ಕೋಣೆ ಹಿಡಿದು ಬೋರ್ಡು ತೂಗುಹಾಕಿದ. ಬೋರ್ಡಿನಲ್ಲಿ ಅವನ ಹೆಸರು ಇಷ್ಟು ದೊಡ್ಡದು, ಮಾಡುವ ಕೆಲಸದ ಹೆಸರು ಇರುವೆಯಷ್ಟು ಚಿಕ್ಕದು. ಜನ 'ಕಂಪ್ಯೂಟರ್ ಸ್ವಾಮಿ' ಎಂದು ಆಡಿಕೊಂಡರು. ಮಹಾನುಭಾವ ಅದನ್ನೂ ಬಿರುದು ಅಂದುಕೊಂಡು ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚು ಹಾಕಿಸಿದ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಹೇಳಿಕೊಟ್ಟ ಮೊದಲ ಪಾಠ ಇದು: "ದೀಪಾ, ಪಾರ್ಟಿ ಬಂದಾಗ ಸ್ಕ್ರೀನ್ ಮೇಲೆ ಬಣ್ಣ ಓಡ್ತಾ ಇರ್ಬೇಕು. ಏನ್ ಓಡ್ತಿದೆ ಅಂತ ಯಾರೂ ಕೇಳಲ್ಲ."

ಕೆಲಸ ಮಾತ್ರ ಚೆಂದದ್ದು. ಅದನ್ನು ಅವನ ಕೈಗೆ ಕೊಟ್ಟ ದೇವರನ್ನು ನಾನಿನ್ನೂ ಕ್ಷಮಿಸಿಲ್ಲ. ಮಿಲ್ಲುಗಳಲ್ಲಿ ಕಾಳು ಸುರಿಯುವ ಹಾಪರ್ ಇರುತ್ತದಲ್ಲ, ಮೇಲೆ ಅಗಲ, ಕೆಳಗೆ ಇಳಿಜಾರಾಗಿ ಬಂದು ಸಣ್ಣ ಬಾಯಿ. ಅದನ್ನು ಕಂಪ್ಯೂಟರಿನೊಳಗೆ ನಿಲ್ಲಿಸಿ, ಕಾಳಿನ ಬದಲು ಸಾವಿರಾರು ಗುಂಡು ಸುರಿದು, ಅವು ಸರಾಗವಾಗಿ ಇಳಿಯುತ್ತವೋ ನಡುವೆ ಕಟ್ಟಿಕೊಳ್ಳುತ್ತವೋ ಎಂದು ನೋಡುವುದು. ಗೋಡೆ ಬೇಕಲ್ಲ? ಮೊಬೈಲ್ ಹಿಡಿದು ನಿಜವಾದ ಹಾಪರನ್ನು ಒಂದು ಸುತ್ತು ಬಂದು ಸ್ಕ್ಯಾನ್ ಮಾಡಿದರೆ, ಅದರ ಹೊರಮೈ ಚೂರು ಚೂರು ತ್ರಿಕೋನಗಳ ಬಲೆಯಾಗಿ ಸಿಗುತ್ತದೆ. ತಗಡು ತೆಳುವಾದ್ದರಿಂದ ಹೊರಮೈ ಸಿಕ್ಕರೆ ಸಾಕು. ಆ ಬಲೆಯನ್ನು ಸಾಫ್ಟ್‌ವೇರಿಗೆ ಕೊಟ್ಟು, ಇದೇ ನಿನ್ನ ಗೋಡೆ ಎನ್ನಬೇಕು. ಅದಕ್ಕೆ ತಗಡೂ ಗೊತ್ತಿಲ್ಲ, ವೆಲ್ಡಿಂಗೂ ಗೊತ್ತಿಲ್ಲ. ತ್ರಿಕೋನ ಇದ್ದಲ್ಲಿ ಗುಂಡನ್ನು ತಡೆಯುತ್ತದೆ, ಇಲ್ಲದಲ್ಲಿ ಆಚೆ ಬಿಡುತ್ತದೆ. ಹಾಗಾಗಿ ಬಲೆ ಹರಿದಿದ್ದರೆ ಹೊಲಿಯಬೇಕು, ಬೇಡದ್ದು ಅಂಟಿಕೊಂಡು ಬಂದಿದ್ದರೆ ಕತ್ತರಿಸಬೇಕು. ಈ ಹೊಲಿಯುವ ಕತ್ತರಿಸುವ ಚಾಕರಿ ನನ್ನದು. ಬಣ್ಣ ಹಚ್ಚಿ ವಿಡಿಯೊ ಮಾಡಿ ಹಲ್ಲು ಕಿರಿಯುವುದು ಅವನದು.

ಹನೂರಿನಲ್ಲಿ ಚೆನ್ನಯ್ಯ ಎನ್ನುವವರ ಮಿಲ್ಲಿದೆ. ಮುಸುಕಿನ ಜೋಳ ಒಡೆದು ದನದ ಮೇವು ಮಾಡುತ್ತಾರೆ. ಜೋಳ ಒಂಚೂರು ಹಸಿಯಿದ್ದರೆ ಸಾಕು, ಹಾಪರಿನ ಬಾಯಿಯ ಮೇಲೆ ಕಮಾನು ಕಟ್ಟಿ ನಿಂತುಬಿಡುತ್ತಿತ್ತು. ಆಗೆಲ್ಲ ಅಲ್ಲಿ ಕೂಲಿ ಮಾಡುವ ಪುಟ್ಟಬಸಮ್ಮ ಏಣಿ ಹತ್ತಿ, ಹಾಪರಿನೊಳಗೆ ಇಳಿದು, ಕಾಳಿನ ಮೇಲೆಯೇ ನಿಂತು, ಬಿದಿರು ಗಳದಿಂದ ತಿವಿಯಬೇಕು. ಕೌದಳ್ಳಿಯಿಂದ ದಿನಾ ಬಸ್ಸಿನಲ್ಲಿ ಬರುವ ಹೆಂಗಸು, ಒಣಕಲು ಮೈ. ಕಟ್ಟಿದ್ದು ಒಡೆದ ಕೂಡಲೇ ಕಾಲ ಕೆಳಗಿನ ಕಾಳು ಓಡತೊಡಗುತ್ತದೆ, ನಿಂತವರನ್ನೂ ಜೊತೆಗೆ ಎಳೆಯುತ್ತದೆ. ಕಳೆದ ಸುಗ್ಗಿಯಲ್ಲಿ ಅವಳು ಎದೆಮಟ್ಟ ಹೂತುಹೋದಳು. ಹಗ್ಗ ಹಾಕಿ ಎಳೆದು ತೆಗೆದರು.

ಮಾರನೆಯ ದಿನವೇ ಅವಳು ಎಲ್ಲರೆದುರು ಹೇಳಿದಳಂತೆ: "ಸಾವ್ಕಾರ್ರೇ, ಇನ್ ನಾನು ಇಳ್ಯಾಕಿಲ್ಲ. ಆ ಡಬ್ಬ ಸರಿ ಇಲ್ಲ, ಬದ್ಲಾಯ್ಸಿ."

ಚೆನ್ನಯ್ಯ ತಂದೆ ಕಾಲದ ಹಾಪರಿನ ಮಾನ ಬಿಟ್ಟುಕೊಡುತ್ತಾರೆಯೇ? "ನೀ ತಿವಿಯದು ಸರಿ ಇಲ್ಲ ಕಣಮ್ಮಿ. ಆಗ್ಲಿ, ಕಂಪ್ಯೂಟ್ರೇ ಏಳ್ಲಿ. ಡಬ್ಬದ್ ತಪ್ಪು ಅಂದ್ರೆ ಅವತ್ತೇ ಕಿತ್ ಬಿಸಾಕ್ತೀನಿ. ಇಲ್ಲ ಅಂದ್ರೆ ನೀ ಇಳೀಬೇಕು, ಇಲ್ವಾ ಮನೆಗ್ ಓಗ್ಬೇಕು." ಹೀಗೆ ಒಬ್ಬ ಹೆಂಗಸಿನ ಜೀವ, ಕೂಲಿ ಎರಡೂ ನಮ್ಮ ಕಂಪ್ಯೂಟರ್ ಸ್ವಾಮಿಯ ಇಸ್ತ್ರಿ ಜೇಬಿಗೆ ಬಂದು ಬಿದ್ದವು.

ಸ್ಕ್ಯಾನ್ ಮಾಡಲು ಇಬ್ಬರೂ ಹೋದೆವು. ಹಾಪರಿನ ಮುಂಬದಿಯ ಇಳಿಜಾರಿನ ಹೊರಮೈಯಲ್ಲಿ, ಬಾಯಿಗೆ ಒತ್ತಿಕೊಂಡಂತೆ, ದೃಷ್ಟಿಗೆಂದು ಒಂದು ಬೂದುಗುಂಬಳಕಾಯಿ. ಅದಕ್ಕೆ ಕೆಂಪು ನಾಲಿಗೆ, ಹುರಿ ಮೀಸೆ. ಮಿಲ್ಲು ಅದುರಿದಾಗ ಜೋಲಾಡಬಾರದೆಂದು ತಗಡಿಗೆ ಅಂಟಿಸಿದಂತೆ ಹಗ್ಗದಲ್ಲಿ ಬಿಗಿದಿದ್ದರು.

"ಸಾರ್, ಇದನ್ನ ಸ್ವಲ್ಪ ಹೊತ್ತು ಇಳಿಸಿದ್ರೆ ಒಳ್ಳೇದಿತ್ತು. ಸ್ಕ್ಯಾನ್‌ನಲ್ಲಿ ಇದೂ ಗೋಡೆ ಅಂತಲೇ ಬರುತ್ತೆ" ಎಂದೆ.

ಚೆನ್ನಯ್ಯ ನನ್ನನ್ನು ತಿನ್ನುವಂತೆ ನೋಡಿದರು. "ಅಮಾಸೆ ಗಂಟ ಅದ್ನ ಯಾರೂ ಮುಟ್ಟಂಗಿಲ್ಲ ಕಣವ್ವ. ಈ ಡಬ್ಬದ್ ಮೇಲೆ ಎಷ್ಟು ಜನದ್ ಕಣ್ಣದೆ ಗೊತ್ತಾ?"

"ಬಿಡಿ ಸಾರ್, ಕಂಪ್ಯೂಟರ್‌ನಲ್ಲೇ ತೆಗೀತೀವಿ. ಒಂದ್ ನಿಮಿಷದ ಕೆಲ್ಸ" ಎಂದು ಸ್ವಾಮಿ ಅಡ್ಡ ಬಾಯಿ ಹಾಕಿದ. ಸಾವ್ಕಾರರ ಮುಂದೆ ಅವನ ಬೆನ್ನಿಗೆ ಮೂಳೆಯೇ ಇರುತ್ತಿರಲಿಲ್ಲ.

ಹೊರಡುವಾಗ ಪುಟ್ಟಬಸಮ್ಮ ಬಾಗಿಲ ಬಳಿ ಬಂದು ಮೆಲ್ಲಗೆ ಕೇಳಿದಳು, "ಅವ್ವ, ನಿಮ್ ಕಂಪ್ಯೂಟ್ರು ಸುಳ್ ಏಳಾಕಿಲ್ವಲ್ಲಾ?"

"ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ ಕಣಮ್ಮ" ಎಂದೆ. ನಂಬಿಯೇ ಹೇಳಿದ್ದೆ.

ಆ ವಾರ ತಂಗಿಯ ಸೀಮಂತಕ್ಕೆ ನಾನು ರಜೆ ಹಾಕಿದೆ. ಬಲೆ ಕತ್ತರಿಸುವ ಕೆಲಸಕ್ಕೆ ಸ್ವಾಮಿಯೇ ಕೂತ. ವಾಪಸ್ ಬರುವಷ್ಟರಲ್ಲಿ ವಿಡಿಯೊ, ರಿಪೋರ್ಟು, ಪ್ಲಾಸ್ಟಿಕ್ ಹೊದಿಕೆ, ಎಲ್ಲ ಸಿದ್ಧ. ನೋಡೋಣ ಕೊಡಿ ಎಂದರೆ, "ಹನೂರಲ್ಲೇ ನೋಡುವಂತೆ ಬಾ" ಎಂದ.

ಮಿಲ್ಲಿನ ಆಫೀಸು ಕೋಣೆಯಲ್ಲಿ ಚೆನ್ನಯ್ಯ ಕೆಲಸದವರನ್ನೆಲ್ಲ ಕರೆದು ನಿಲ್ಲಿಸಿದ್ದರು. ಎಲ್ಲರ ಹಿಂದೆ ಪುಟ್ಟಬಸಮ್ಮ, ಸೆರಗು ಬಿಗಿದುಕೊಂಡು. ಸ್ವಾಮಿ ಲ್ಯಾಪ್‌ಟಾಪ್ ತೆರೆದ. ಕೆಂಪು, ಹಳದಿ, ನೀಲಿ ಗುಂಡುಗಳು ಹಾಪರಿಗೆ ಸುರಿದವು, ತುಂಬಿದವು, ಜರ್ರನೆ ಇಳಿದು ಖಾಲಿಯಾದವು. ಒಂದು ಕಡೆ ನಿಲ್ಲಲಿಲ್ಲ, ಒಂದು ಕ್ಷಣ ತಡವರಿಸಲಿಲ್ಲ.

"ನೋಡಿ ಸಾರ್, ಫ್ರೀ ಫ್ಲೋ. ನಿಮ್ಮ ಹಾಪರ್‌ನಲ್ಲಿ ಯಾವ ಡಿಫೆಕ್ಟೂ ಇಲ್ಲ. ಹ್ಯಾಂಡ್ಲಿಂಗ್ ಪ್ರಾಬ್ಲಮ್ ಅಷ್ಟೆ."

ಚೆನ್ನಯ್ಯನವರ ಮುಖ ಅರಳಿತು. "ಕೇಳ್ದೇನಮ್ಮಿ? ಡಬ್ಬ ಸರಿಯಾಗದೆ."

ಪುಟ್ಟಬಸಮ್ಮ ಸ್ವಾಮಿಯನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ಮತ್ತೆ ಸ್ಕ್ರೀನಿನತ್ತ ತಿರುಗಿದೆ. ಅಷ್ಟು ಸಣ್ಣ ಬಾಯಿಂದ ಅಷ್ಟು ಕಾಳು ಅಷ್ಟು ಬೇಗ ಹೇಗೆ ಹೋಯಿತು? ವಿಡಿಯೊ ಪೂರ್ತಿ ಹಾಪರಿನ ಹಿಂಬದಿಯಿಂದಲೇ ಏಕೆ?

"ಸಾರ್, ಇದನ್ನ ಮುಂದ್ಗಡೆ ತಿರುಗಿಸಿ ತೋರ್ಸಿ" ಎಂದೆ.

"ಲ್ಯಾಪ್‌ಟಾಪ್ ಹ್ಯಾಂಗ್ ಆಗುತ್ತೆ ದೀಪಾ, ಬೇಡ" ಎಂದು ಸ್ವಾಮಿ ತೋಳಿನ ಗೆರೆ ನೀವಿಕೊಂಡ.

ಅದೇ ಹೊತ್ತಿಗೆ ಹೊರಗಿನಿಂದ ಯಾರೋ ಕೂಗಿದರು, "ಸಾವ್ಕಾರ್ರೇ, ಕಾಳು ಕಟ್ಕಬುಡ್ತು!"

ಎಲ್ಲರೂ ಹೊರಗೆ ಬಂದೆವು. ಮಿಲ್ಲು ಬರಿದೇ ಗರಗರ ಅನ್ನುತ್ತಿತ್ತು, ಹಾಪರಿನ ಬಾಯಿಂದ ಒಂದು ಕಾಳೂ ಬೀಳುತ್ತಿರಲಿಲ್ಲ. ಚೆನ್ನಯ್ಯ ಏಣಿಯ ಕಡೆ ಕೈ ತೋರಿಸಿದರು. "ಪುಟ್ಟಬಸಮ್ಮ, ಏಣಿ ಅತ್ತು. ಕಂಪ್ಯೂಟ್ರೂ ಏಳಾಯ್ತಲ್ಲ."

ಅವಳು ಹೋಗಿ ಮೂಲೆಯಲ್ಲಿದ್ದ ಗಳ ತೆಗೆದುಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

"ಅವಳ್ಯಾಕೆ ಸಾರ್? ಸ್ವಾಮಿ ಸಾರ್ ಇಳೀಲಿ" ಎಂದೆ. "ಡಿಫೆಕ್ಟ್ ಇಲ್ಲ ಅಂದವರು ಅವರೇ. ಹ್ಯಾಂಡ್ಲಿಂಗ್ ಹೇಗೆ ಅಂತ ತೋರಿಸಿಕೊಡ್ಲಿ."

ಕೆಲಸದವರು ಮುಸಿಮುಸಿ ನಕ್ಕರು. ಚೆನ್ನಯ್ಯನವರಿಗೂ ಇದೊಂದು ಮೋಜು ಅನ್ನಿಸಿತೇನೋ. "ಊಂ, ಅದೂ ಸರಿಯೇ. ಒಂದ್ ಕಿತ ತೋರ್ಸ್‌ಕೊಡಿ ಸ್ವಾಮೇರೇ" ಎಂದರು. ಪುಟ್ಟಬಸಮ್ಮ ಗಳವನ್ನು ಅವನ ಕೈಗಿಟ್ಟಳು.

ಮಹಾನುಭಾವ ನಗುತ್ತಲೇ ಏಣಿ ಹತ್ತಿದ. ಅಂಚಿನಿಂದ ಒಳಗೆ ಇಣುಕಿದ. ಅಲ್ಲಿ ಬಣ್ಣದ ಗುಂಡುಗಳಿರಲಿಲ್ಲ. ಹಸಿ ಜೋಳ, ಮೇಲಕ್ಕೆ ಏಳುವ ಹುಡಿ, ತಳದಲ್ಲಿ ಗುಡುಗುಡು ಸದ್ದು. ಒಂದು ಕಾಲೆತ್ತಿ ಅಂಚಿನಾಚೆ ಇಟ್ಟ. ಮತ್ತೆ ತೆಗೆದ. ಎರಡೂ ಕೈಯಲ್ಲಿ ಅಂಚನ್ನು ತಬ್ಬಿ ಹಿಡಿದಾಗ ಗಳ ಜಾರಿ ಕೆಳಗೆ ಬಿತ್ತು.

"ಮಿಲ್ ನಿಲ್ಸಿ! ಮೊದ್ಲು ಮಿಲ್ ನಿಲ್ಸಿ!" ಎಂದು ಕಿರುಚಿದ. "ಇಳಿಯೋಕಾಗಲ್ಲ. ಇಳಿದ್ರೆ ಎಳ್ಕೊಂಡು ಹೋಗುತ್ತೆ!"

"ಫ್ರೀ ಫ್ಲೋ ಅಂದ್ರಲ್ಲ?" ಎಂದೆ.

"ಅದು... ಕುಂಬಳಕಾಯಿ ಕಟ್ ಮಾಡುವಾಗ ಅದರ ಹಿಂದಿದ್ದ ಗೋಡೆನೂ ಹೋಯ್ತು. ತೂತು ಬಿತ್ತು. ಕಾಳೆಲ್ಲ ಆ ತೂತಲ್ಲಿ ಹೋಗಿದ್ದು, ಬಾಯಲ್ಲಿ ಅಲ್ಲ."

"ತೂತು ಮುಚ್ಚಿ ಮತ್ತೆ ಓಡಿಸ್ಬೇಕಿತ್ತು."

"ಓಡ್ಸಿದ್ದೆ" ಎಂದ, ಏಣಿಯ ಮೇಲಿಂದ, ಅಳುವ ದನಿಯಲ್ಲಿ. "ಮುಚ್ಚಿದ್ರೆ ಕಟ್ಕೊಂಡು ನಿಲ್ತಿತ್ತು. ಹತ್ತು ಸಲ ಓಡ್ಸಿದ್ರೂ ಅಲ್ಲೇ ನಿಲ್ತಿತ್ತು. ಸಾರ್‌ಗೆ ಇಷ್ಟ ಆಗಲ್ಲ ಅಂತ..."

ಥೂ! ಬರೀ ಕೈತಪ್ಪಿನಿಂದ ಬಿದ್ದ ತೂತಾಗಿದ್ದರೆ ದಡ್ಡ ಎಂದು ಸುಮ್ಮನಾಗುತ್ತಿದ್ದೆ. ಎರಡು ಉತ್ತರ ಕೈಯಲ್ಲಿಟ್ಟುಕೊಂಡು, ನಿಜದ್ದನ್ನು ಅಳಿಸಿ, ತೂತಿನದ್ದಕ್ಕೆ ಬಣ್ಣ ಹಚ್ಚಿ ತಂದಿದ್ದ. ಸುಳ್ಳು ಹೇಳಲು ಬಾರದ ಯಂತ್ರದ ಬಾಯಲ್ಲಿ ಸುಳ್ಳು ಹೇಳಿಸಿದ್ದ.

ಯಾರೋ ಮಿಲ್ಲು ನಿಲ್ಲಿಸಿದರು. ಆ ನಿಶ್ಶಬ್ದದಲ್ಲಿ ಕೆಲಸದವರೆಲ್ಲ ಚೆನ್ನಯ್ಯನವರ ಮುಖವನ್ನೇ ನೋಡುತ್ತಿದ್ದರು. ಎಲ್ಲರೆದುರು ಆಡಿದ ಮಾತು, ನುಂಗುವಂತಿರಲಿಲ್ಲ. ಅವರು ಕುಂಬಳಕಾಯಿಯನ್ನೊಮ್ಮೆ ನೋಡಿದರು, ಹಾಪರನ್ನೊಮ್ಮೆ ನೋಡಿದರು. "ಕಿತ್ ಬಿಸಾಕ್ರಲಾ ಆ ಡಬ್ಬವ" ಎಂದರು. "ಇನ್ ಯಾರೂ ಅದ್ರೊಳಕ್ ಇಳೀಬ್ಯಾಡಿ."

ಸ್ವಾಮಿ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದ. ಪುಟ್ಟಬಸಮ್ಮ ಏಣಿಯ ಬುಡದಲ್ಲೇ ನಿಂತಿದ್ದಳು.

"ಸಾಮಿ, ನಾನು ಸಾಯ್ತೀನಿ ಅಂತ ನಿಮ್ಗೆ ಗೊತ್ತಿತ್ತಾ?" ಎಂದು ಕೇಳಿದಳು.

ಅವನು ಅಂಗಿಯ ತೋಳಿಗೆ ಮೆತ್ತಿದ್ದ ಜೋಳದ ಹುಡಿ ಕೊಡವಿಕೊಳ್ಳುತ್ತಿದ್ದ.